ಚಾರ್ಮಾಡಿಯ ಚಳಿಯಲ್ಲಿ ಬೀಳದ ಎರಡನೇ ಗೇರು: ಗೇರ್ ಆಯಿಲ್‌ನ ನೂರು ವರ್ಷದ ಕಥೆ

ಇವತ್ತಿನ ಸಂಚಿಕೆಯಲ್ಲಿ ರಾಜರಿಲ್ಲ, ಕೋಟೆ ಇಲ್ಲ. ಇವತ್ತು ನಾನು ಹೇಳಲಿಕ್ಕೆ ಹೊರಟದ್ದು ಒಂದು ಎಣ್ಣೆಯ ಇತಿಹಾಸ. ಗೇರ್ ಆಯಿಲ್. ನಗಬೇಡಿ ಮಾರಾಯ್ರೇ, ಈ ಎಣ್ಣೆಯ ದೆಸೆಯಿಂದ ಒಂದು ಬೆಳಿಗ್ಗೆ ನಮ್ಮ ಇಡೀ ಮನೆಯೇ ಚಾರ್ಮಾಡಿ ಘಾಟಿಯಿಂದ ಕೆಳಗೆ ಹೋಗಬೇಕಿತ್ತು.

2018ರ ಜನವರಿ. ನಾನು ಆಗ ಉಜಿರೆಯಲ್ಲಿ ಬಿ.ಕಾಂ ಕೊನೆಯ ವರ್ಷ. ನಮ್ಮ ಅಪ್ಪನದ್ದು ಬೆಳ್ತಂಗಡಿಯಲ್ಲಿ ಜೀಪು. ಬೆಳಿಗ್ಗೆ ಸಂಜೆ ಲೈನಿಗೆ ಹೋಗ್ತದೆ, ಮಧ್ಯೆ ಬಾಡಿಗೆ ಸಿಕ್ಕಿದರೆ ಬಾಡಿಗೆ. ಕೊಟ್ಟಿಗೆಹಾರದ ಹತ್ತಿರ ಒಂದು ಎಸ್ಟೇಟಿನಲ್ಲಿ ನಮ್ಮದೇ ನೆಂಟರ ಮದುವೆ ಇತ್ತು. ಮದುವೆ ಮುಗಿದು ರಾತ್ರಿ ಅಲ್ಲೇ ಉಳಿದೆವು. ಜೀಪು ಇಡೀ ರಾತ್ರಿ ಹೊರಗೆ, ಮಂಜಿನಲ್ಲಿ. ಬೆಳಿಗ್ಗೆ ಐದು ಗಂಟೆಗೆ ಹೊರಟಾಗ ನನ್ನ ಫೋನು 14 ಡಿಗ್ರಿ ಅಂತ ತೋರಿಸ್ತಿತ್ತು. ಹಿಂದೆ ಒಂಬತ್ತು ಜನ, ಅದರಲ್ಲಿ ಮೂರು ಮಕ್ಕಳು.

ಮಲಯಮಾರುತ ದಾಟಿ ಇಳಿಜಾರು ಶುರುವಾಗಿ ಸ್ವಲ್ಪ ಹೊತ್ತು. ತಿರುವು ಬಂತು. ಅಪ್ಪ ಕ್ಲಚ್ ಒತ್ತಿ ಮೂರರಿಂದ ಎರಡಕ್ಕೆ ಗೇರು ಎಳೆದರು. ಬೀಳಲಿಲ್ಲ. ಇನ್ನೊಮ್ಮೆ ಎಳೆದರು. ಗೋಡೆಗೆ ತಾಗಿದ ಹಾಗೆ ಅಲ್ಲೇ ನಿಂತಿತು. ಅಷ್ಟರಲ್ಲಿ ಗಾಡಿ ನ್ಯೂಟ್ರಲ್‌ನಲ್ಲಿ, ಇಳಿಜಾರಿನಲ್ಲಿ, ತುಂಬಿದ ಭಾರದ ಜತೆ. ಘಾಟಿಯಲ್ಲಿ ಓಡಿಸಿದವರಿಗೆ ಇದರ ಅರ್ಥ ಗೊತ್ತುಂಟು. ಗೇರಿನಲ್ಲಿ ಇದ್ದರೆ ಎಂಜಿನ್ನೇ ಗಾಡಿಯನ್ನು ಹಿಡಿದುಕೊಳ್ಳುತ್ತದೆ. ನ್ಯೂಟ್ರಲ್ ಆದರೆ ಪೂರ್ತಿ ಭಾರ ಬ್ರೇಕಿನ ಮೇಲೆ. ಅಪ್ಪ ಬ್ರೇಕ್ ಒತ್ತಿದರು, ತಿರುವಿನ ಹೊರಗಿನ ಕಲ್ಲು ಹತ್ತಿರ ಬಂತು. ಆಗ ಅವರು ಒಂದು ಕೆಲಸ ಮಾಡಿದರು. ಕ್ಲಚ್ ಬಿಟ್ಟರು, ಆಕ್ಸಿಲರೇಟರ್ ಒಮ್ಮೆ ಗುರ್ ಅನ್ನಿಸಿದರು, ಮತ್ತೆ ಕ್ಲಚ್ ಒತ್ತಿ ಗೇರು ಎಳೆದರು. ಕರಕರ ಅಂತ ಬಿತ್ತು. ತಿರುವು ದಾಟಿ ಸ್ವಲ್ಪ ಮುಂದೆ ಬದಿಗೆ ನಿಲ್ಲಿಸಿದರು. ಇಳಿದು ನೀರು ಕುಡಿದರು. ಯಾರೂ ಮಾತಾಡಲಿಲ್ಲ.

ಉಜಿರೆಗೆ ಬರುವಷ್ಟರಲ್ಲಿ ಅದೇ ಗೇರು ಬೆಣ್ಣೆಯ ಹಾಗೆ ಬೀಳ್ತಿತ್ತು. ನನ್ನ ತಲೆಯಲ್ಲಿ ಹುಳ ಬಿಟ್ಟದ್ದು ಇದೇ. ಗೇರ್‌ಬಾಕ್ಸ್ ಹಾಳಾಗಿದ್ದರೆ ಕೆಳಗೆ ಬಂದ ಮೇಲೂ ಹಾಳಾಗಿಯೇ ಇರಬೇಕಲ್ಲ? ಚಳಿಯಲ್ಲಿ ಮಾತ್ರ ಹಠ ಮಾಡುವುದು ಯಾಕೆ?

ನಮ್ಮ ಊರಿನವರಿಗೆ ಇದರ ಅರ್ಧ ಉತ್ತರ ಬಚ್ಚಲುಮನೆಯಲ್ಲೇ ಉಂಟು. ಡಿಸೆಂಬರ್ ಜನವರಿಯಲ್ಲಿ ಬೆಳಿಗ್ಗೆ ತೆಂಗಿನೆಣ್ಣೆ ಬಾಟ್ಲಿ ತಲೆಕೆಳಗೆ ಮಾಡಿದರೂ ಒಂದು ಹನಿ ಬೀಳುವುದಿಲ್ಲ. ಸುಮಾರು 24 ಡಿಗ್ರಿಗಿಂತ ಕೆಳಗೆ ಹೋದರೆ ಅದು ಗಟ್ಟಿ. ಒಲೆಯ ಹತ್ತಿರ ಇಟ್ಟರೆ ಕರಗ್ತದೆ. ಗೇರ್ ಆಯಿಲ್ ನಮ್ಮ ಚಳಿಗೆ ಹಾಗೆ ಹೆಪ್ಪುಗಟ್ಟುವುದಿಲ್ಲ, ಆದರೆ ಮಂದ ಆಗ್ತದೆ. ಎಷ್ಟು ಮಂದ ಎನ್ನುವುದು ನೀವು ಯಾವ ಎಣ್ಣೆ ಹಾಕಿದ್ದೀರಿ ಎನ್ನುವುದರ ಮೇಲೆ. ನಮ್ಮ ಜೀಪಿನಲ್ಲಿ ಇದ್ದದ್ದು 140 ನಂಬರಿನದ್ದು. ಅದು ಅಲ್ಲಿಗೆ ಹೇಗೆ ಬಂತು ಅಂತ ಕೊನೆಗೆ ಹೇಳ್ತೇನೆ. ಮೊದಲು ಇತಿಹಾಸ.

ಕನ್ನಡದಲ್ಲಿ ಕೀಲೆಣ್ಣೆ ಅಂತ ಒಂದು ಹಳೆಯ ಪದ ಉಂಟು. ಎತ್ತಿನ ಗಾಡಿಯ ಅಚ್ಚಿಗೆ ಹಾಕುವ ಎಣ್ಣೆ. ಮರದ ಗಾಲಿ, ಕಬ್ಬಿಣದ ಅಚ್ಚು, ನಿಧಾನದ ಓಟ. ಅಲ್ಲಿ ಬೇಕಾದದ್ದು ಒಂದೇ ಗುಣ: ಜಾರಿ ಹೋಗದೆ ಅಂಟಿಕೊಂಡು ಇರಬೇಕು. ದಪ್ಪ ಇದ್ದಷ್ಟೂ ಒಳ್ಳೇದು. ಮಂದ ಎಣ್ಣೆ ಅಂದರೆ ಗಟ್ಟಿ ಎಣ್ಣೆ, ಗಟ್ಟಿ ಎಣ್ಣೆ ಅಂದರೆ ಒಳ್ಳೆ ಎಣ್ಣೆ. ಈ ಲೆಕ್ಕ ಗಾಡಿಗೆ ಸರಿಯಾಗಿಯೇ ಇತ್ತು. ತೊಂದರೆ ಆದದ್ದು ಅದೇ ಲೆಕ್ಕ ಮೋಟಾರಿಗೂ ಬಂದಾಗ.

ಮೋಟಾರು ಕಾರಿನ ಗೇರ್‌ಬಾಕ್ಸ್ 1890ರ ದಶಕದಲ್ಲಿ ಫ್ರಾನ್ಸಿನ ಪನಾರ್ ಲೆವಾಸೋರ್ ಕಂಪನಿಯ ಕಾರುಗಳಲ್ಲಿ ಒಂದು ರೂಪಕ್ಕೆ ಬಂತು. ಹಲ್ಲಿನ ಚಕ್ರಗಳನ್ನು ದೂಡಿ ಒಂದಕ್ಕೊಂದು ಕಚ್ಚಿಸುವುದು, ಅಷ್ಟೇ. ಎರಡು ಚಕ್ರಗಳ ವೇಗ ಸರಿಹೊಂದದಿದ್ದರೆ ಕರಕರ. ಹಾಗಾಗಿ ಆ ಕಾಲದ ಡ್ರೈವರುಗಳು ಪ್ರತಿ ಗೇರಿಗೂ ಎರಡು ಸಲ ಕ್ಲಚ್ ಒತ್ತಬೇಕಿತ್ತು. ಅದಕ್ಕೆ ಡಬಲ್ ಕ್ಲಚ್ ಅಂತ ಹೆಸರು. ಘಾಟಿಯಲ್ಲಿ ನಮ್ಮ ಅಪ್ಪ ಮಾಡಿದ್ದು ಅದೇ. ಅವರಿಗೆ ಅದನ್ನು ಹಳೆಯ ಲಾರಿ ಡ್ರೈವರೊಬ್ಬರು ಕಲಿಸಿದ್ದಂತೆ.

ಆಗ ಗೇರ್‌ಬಾಕ್ಸಿಗೆ ಅಂತ ಬೇರೆ ಎಣ್ಣೆ ಇರಲಿಲ್ಲ. ಉಗಿಯಂತ್ರದ ಸಿಲಿಂಡರಿಗೆ ಹಾಕುವ ಜೇನಿನಂಥ ದಪ್ಪ ಎಣ್ಣೆಯನ್ನೇ ಹಾಕುತ್ತಿದ್ದರು. ವ್ಯಾಕ್ಯೂಮ್ ಆಯಿಲ್ ಕಂಪನಿಯ 600ಡಬ್ಲ್ಯು ಎನ್ನುವ ಸ್ಟೀಮ್ ಸಿಲಿಂಡರ್ ಆಯಿಲ್ ಎಷ್ಟು ಹೆಸರು ಮಾಡಿತ್ತು ಅಂದರೆ, 1928ರಿಂದ ಬಂದ ಫೋರ್ಡ್ ಮಾಡೆಲ್ ಎ ಕಾರನ್ನು ಇಟ್ಟುಕೊಂಡವರು ಇವತ್ತಿಗೂ ಗೇರ್‌ಬಾಕ್ಸಿಗೆ 600ಡಬ್ಲ್ಯು ಅಂತಲೇ ಕೇಳ್ತಾರೆ. ದಪ್ಪ ಎಣ್ಣೆಗೆ ಒಂದು ಲಾಭವೂ ಇತ್ತು. ಕ್ಲಚ್ ಒತ್ತಿದಾಗ ಅದು ತಿರುಗುವ ಚಕ್ರಗಳನ್ನು ಬೇಗ ನಿಧಾನ ಮಾಡುತ್ತಿತ್ತು. ಮೇಲಿನ ಗೇರಿಗೆ ಹೋಗುವಾಗ ಅದರಿಂದ ಸಹಾಯ.

ಹಳೆಯ ಕಾರು ಹೇಗಿರ್ತದೆ ಅಂತ ನೋಡಬೇಕಿದ್ದರೆ ನಮ್ಮ ತಾಲೂಕಿನವರು ದೂರ ಹೋಗಬೇಕಿಲ್ಲ, ಧರ್ಮಸ್ಥಳದ ಕಾರ್ ಮ್ಯೂಸಿಯಂ ಉಂಟು. ನಾವು ಶಾಲೆಯಿಂದ ಹೋದಾಗ ಬಣ್ಣ, ಹೆಡ್‌ಲೈಟ್ ನೋಡಿ ಬಂದೆವು. ಮುಂದಿನ ಸಲ ಹೋದರೆ ಗೇರ್ ಲಿವರ್ ನೋಡಿ. ಆ ಉದ್ದದ ರಾಡನ್ನು ಹಿಡಿದು ಘಾಟಿ ಹತ್ತಿಸಿದವರ ಕೈ ಹೇಗಿದ್ದಿರಬೇಕು ಅಂತ ಯೋಚನೆ ಮಾಡಿ.

ಈಗ ಇತಿಹಾಸದ ಮುಖ್ಯ ತಿರುವು. ಎರಡೇ ವರ್ಷಗಳ ಅಂತರದಲ್ಲಿ ಅಮೆರಿಕದಲ್ಲಿ ಎರಡು ವಿಷಯ ಆದವು. ಒಂದಕ್ಕೊಂದು ಸಂಬಂಧ ಇಲ್ಲದ ಹಾಗೆ ಕಾಣ್ತದೆ, ಆದರೆ ಗೇರ್ ಆಯಿಲ್ ಜಗಳ ಪೂರ್ತಿ ಅಲ್ಲೇ ಹುಟ್ಟಿದ್ದು.

ಮೊದಲನೆಯದು 1926. ಪ್ಯಾಕರ್ಡ್ ಕಂಪನಿ ತನ್ನ ಕಾರಿನ ಹಿಂದಿನ ಆಕ್ಸಲ್ಲಿಗೆ ಹೈಪಾಯ್ಡ್ ಎನ್ನುವ ಹೊಸ ರೀತಿಯ ಗೇರು ತಂದಿತು. ನಮ್ಮ ಗ್ಯಾರೇಜಿನ ಭಾಷೆಯಲ್ಲಿ ಕ್ರೌನ್ ಪಿನಿಯನ್. ಹೊಸ ವಿನ್ಯಾಸದಲ್ಲಿ ಪಿನಿಯನ್ ಕ್ರೌನಿನ ನಡುಮಧ್ಯಕ್ಕಿಂತ ಕೆಳಗೆ ಕೂರುತ್ತದೆ. ಹಾಗಾಗಿ ಪ್ರೊಪೆಲ್ಲರ್ ಶಾಫ್ಟ್ ಕೆಳಗೆ ಹೋಗ್ತದೆ, ಕಾರಿನ ಬಾಡಿಯೂ ತಗ್ಗಾಗ್ತದೆ, ಸೌಂಡೂ ಕಡಿಮೆ. ಆದರೆ ಒಂದು ಖರ್ಚು ಉಂಟು. ಹಲ್ಲುಗಳು ಬರೀ ಒಂದರ ಮೇಲೆ ಒಂದು ಉರುಳುವುದಿಲ್ಲ, ಒತ್ತಿ ಉಜ್ಜಿಕೊಂಡು ಜಾರುತ್ತವೆ. ಆ ಒತ್ತಡಕ್ಕೆ ಸಾದಾ ಎಣ್ಣೆಯ ಪದರ ಹರಿದು ಹೋಗಿ, ಕಬ್ಬಿಣಕ್ಕೆ ಕಬ್ಬಿಣ ತಾಗಿ, ಹಲ್ಲು ಸುಲಿದು ಹೋಗುತ್ತಿತ್ತು.

ಪರಿಹಾರ ಎಣ್ಣೆಯೊಳಗೆ ಮದ್ದು ಬೆರೆಸುವುದು. ಗಂಧಕ, ಕ್ಲೋರಿನ್, ಸೀಸದ ಸಾಬೂನು, ಆಮೇಲೆ ರಂಜಕ. ಬಿಸಿಯಾದ ಹಲ್ಲಿನ ಮೇಲೆ ಗಂಧಕ ಕಬ್ಬಿಣದ ಜತೆ ಸೇರಿ ಒಂದು ತೆಳು ಪದರ ಕಟ್ಟುತ್ತದೆ. ಎಣ್ಣೆ ಹರಿದರೂ ಆ ಪದರ ಹಲ್ಲನ್ನು ಕಾಯುತ್ತದೆ. ಗೇರ್ ಆಯಿಲ್ ಡಬ್ಬಿ ತೆಗೆದಾಗ ಬರುವ ಕೊಳೆತ ವಾಸನೆ ಉಂಟಲ್ಲ, ಅದು ಗಂಧಕದ್ದು. ಇದೇ ಕೆಲಸಕ್ಕೆ ತಿಮಿಂಗಿಲದ ಎಣ್ಣೆಗೂ ಗಂಧಕ ಸೇರಿಸಿ ಬಳಸುತ್ತಿದ್ದರು. 1970ರ ದಶಕದ ಶುರುವಿನಲ್ಲಿ ಸ್ಪರ್ಮ್ ತಿಮಿಂಗಿಲವನ್ನು ಅಳಿವಿನಂಚಿನ ಪ್ರಾಣಿ ಅಂತ ಘೋಷಿಸಿದ ಮೇಲೆ ಅಮೆರಿಕದಲ್ಲಿ ಅದು ನಿಂತಿತು.

ಎರಡನೆಯದು 1928. ಕ್ಯಾಡಿಲಾಕ್ ಕಾರಿನಲ್ಲಿ ಅರ್ಲ್ ಥಾಂಪ್ಸನ್ ಎನ್ನುವ ಎಂಜಿನಿಯರ್ ರೂಪಿಸಿದ ಸಿಂಕ್ರೊಮೆಶ್ ಬಂತು. ಡಬಲ್ ಕ್ಲಚ್ಚಿನ ಕಷ್ಟ ಮುಗಿಸಿದ ಯಂತ್ರ ಇದು. ಇವತ್ತು ನಮ್ಮ ಕಾರುಗಳಲ್ಲಿರುವ ರೂಪದಲ್ಲಿ ಇದರ ಜೀವ ಒಂದು ಸಣ್ಣ ಉಂಗುರ. ಹೆಚ್ಚಾಗಿ ಹಿತ್ತಾಳೆಯದ್ದು. ಗೇರು ಬೀಳುವ ಮೊದಲು ಈ ರಿಂಗು ಚಕ್ರದ ಕೋನಾಕಾರದ ಭಾಗವನ್ನು ಬ್ರೇಕಿನ ಹಾಗೆ ಹಿಡಿಯುತ್ತದೆ. ಎರಡೂ ಕಡೆಯ ವೇಗ ಸಮ ಆದ ಮೇಲೆ ದಾರಿ ಬಿಡುತ್ತದೆ. ಸಮ ಆಗದಿದ್ದರೆ ಅಡ್ಡ ನಿಲ್ಲುತ್ತದೆ. ನಿಮ್ಮ ಕೈಗೆ ಗೋಡೆ ಸಿಕ್ಕಿದ ಹಾಗೆ ಆಗುವುದು ಆಗಲೇ.

ಈಗ ಗಮನಿಸಿ. ಹಿಂದಿನ ಆಕ್ಸಲ್ಲಿಗೆ ಬೇಕಾದ ಎಣ್ಣೆ ಆದಷ್ಟು ಜಾರಬೇಕು, ಪದರ ಬಿಡಬಾರದು. ಆದರೆ ಗೇರ್‌ಬಾಕ್ಸಿನ ರಿಂಗಿಗೆ ಹಿಡಿತ ಬೇಕು. ಕಣ್ಣು ಮಿಟುಕಿಸುವಷ್ಟರಲ್ಲಿ ಅದು ಎಣ್ಣೆಯನ್ನು ಒರೆಸಿ ಹಾಕಿ ಲೋಹವನ್ನು ಹಿಡಿಯಬೇಕು. ಅದಕ್ಕಾಗಿಯೇ ರಿಂಗಿನ ಒಳಗೆ ಸಣ್ಣ ಸಣ್ಣ ಗೀರುಗಳಿರುತ್ತವೆ. ಎಣ್ಣೆ ತುಂಬ ಜಾರಿದರೆ ರಿಂಗು ಹಿಡಿಯುವುದಿಲ್ಲ. ಎಣ್ಣೆ ತುಂಬ ಮಂದವಾದರೆ ಪದರ ಒರೆಸಿ ಹೋಗುವುದಿಲ್ಲ, ಆಗಲೂ ಹಿಡಿಯುವುದಿಲ್ಲ. ಅದೂ ಅಲ್ಲದೆ, ಮೂರರಿಂದ ಎರಡಕ್ಕೆ ಇಳಿಯುವಾಗ ಒಳಗಿನ ಚಕ್ರಗಳನ್ನು ರಿಂಗು ಜೋರಾಗಿ ತಿರುಗಿಸಬೇಕು. ಮಂದ ಎಣ್ಣೆ ಅವುಗಳನ್ನು ಹಿಂದಕ್ಕೆ ಎಳೆಯುತ್ತದೆ. ಚಳಿಯಲ್ಲಿ ಇಳಿಜಾರಿನಲ್ಲಿ ಎರಡನೇ ಗೇರು ಹಠ ಮಾಡುವುದಕ್ಕೆ ಕಾರಣ ಇದು. ಘಾಟಿಯಲ್ಲಿ ನಮಗೆ ಅತ್ಯಂತ ಬೇಕಾದ ಹೊತ್ತಿಗೇ ಆ ರಿಂಗಿಗೆ ಅತ್ಯಂತ ಕಷ್ಟ.

ಇನ್ನು ನಂಬರಿನ ವಿಷಯ. ಅಮೆರಿಕದ ವಾಹನ ಎಂಜಿನಿಯರುಗಳ ಸಂಘ ಎಸ್‌ಎಇ ಮೊದಲ ಸಲ ಎಣ್ಣೆಗೆ ಮಾನದಂಡ ಮಾಡಿದ್ದು 1911ರಲ್ಲಿ. ಸ್ನಿಗ್ಧತೆಯ, ಅಂದರೆ ಎಣ್ಣೆ ಎಷ್ಟು ಮಂದ ಎನ್ನುವ ನಂಬರುಗಳು ನಂತರ ಬಂದವು. ಗೇರ್ ಆಯಿಲ್ಲಿಗೂ ಎಂಜಿನ್ ಆಯಿಲ್ಲಿಗೂ ಬೇರೆ ಬೇರೆ ಸಾಲು ಇಟ್ಟಿದ್ದಾರೆ, ಒಂದಕ್ಕೊಂದು ಅದಲುಬದಲು ಆಗಬಾರದು ಅಂತ. ಹಾಗಾಗಿ 90 ನಂಬರಿನ ಗೇರ್ ಆಯಿಲ್ ಎಂಜಿನ್ ಆಯಿಲ್ 40 ಅಥವಾ 50ರಷ್ಟೇ ಮಂದ. ನಂಬರು ದೊಡ್ಡದಾದರೆ ಶಕ್ತಿ ಜಾಸ್ತಿ ಅಂತ ಅಲ್ಲ, ಮಂದ ಜಾಸ್ತಿ ಅಂತ ಅಷ್ಟೇ.

80ಡಬ್ಲ್ಯು-90 ಅಂತ ಬರೆದಿದ್ದರೆ ಡಬ್ಲ್ಯು ಅಂದರೆ ವಿಂಟರ್, ಚಳಿಗಾಲ. ಮೊದಲ ನಂಬರು ಚಳಿಯ ಪರೀಕ್ಷೆಯದ್ದು, ಎರಡನೆಯದ್ದು 100 ಡಿಗ್ರಿ ಬಿಸಿಯ ಪರೀಕ್ಷೆಯದ್ದು. 75ಡಬ್ಲ್ಯು ಎಣ್ಣೆ ಮೈನಸ್ 40 ಡಿಗ್ರಿಯವರೆಗೆ, 80ಡಬ್ಲ್ಯು ಮೈನಸ್ 26ರವರೆಗೆ, 85ಡಬ್ಲ್ಯು ಮೈನಸ್ 12ರವರೆಗೆ ಒಂದು ಮಿತಿಗಿಂತ ಮಂದ ಆಗಬಾರದು. ಬರೀ 140 ಅಂತ ಇದ್ದರೆ, ಚಳಿಯ ಬಗ್ಗೆ ಆ ಎಣ್ಣೆ ಯಾವ ಮಾತನ್ನೂ ಕೊಟ್ಟಿಲ್ಲ ಅಂತ ಅರ್ಥ.

ಕೊಟ್ಟಿಗೆಹಾರದಲ್ಲಿ ಮೈನಸ್ 26 ಎಲ್ಲಿಂದ ಬರಬೇಕು ಅಂತ ನೀವು ಕೇಳಬಹುದು. ಸರಿ. ಆದರೆ ಎಣ್ಣೆ ಮೈನಸ್‌ಗೆ ಕಾಯುವುದಿಲ್ಲ. 15 ಡಿಗ್ರಿಯಲ್ಲಿ ಸಾಮಾನ್ಯ 140 ಎಣ್ಣೆ, ಸಾಮಾನ್ಯ 80ಡಬ್ಲ್ಯು-90ಕ್ಕಿಂತ ಸುಮಾರು ಮೂರರಿಂದ ನಾಲ್ಕು ಪಟ್ಟು ಮಂದ. ಸಿಂಥೆಟಿಕ್ 75ಡಬ್ಲ್ಯು-90 ಜತೆ ಹೋಲಿಸಿದರೆ ಆರೇಳು ಪಟ್ಟು. ಗೇರ್‌ಬಾಕ್ಸ್ ಚೆನ್ನಾಗಿ ಬಿಸಿಯಾದ ಮೇಲೆ ಆ ವ್ಯತ್ಯಾಸ ಎರಡು ಪಟ್ಟಿನ ಹತ್ತಿರಕ್ಕೆ ಇಳಿಯುತ್ತದೆ. ಉಜಿರೆಗೆ ಬಂದಾಗ ಗೇರು ಬೆಣ್ಣೆಯ ಹಾಗೆ ಬಿದ್ದದ್ದಕ್ಕೆ ಕಾರಣ ಇದೇ.

ಚಳಿ ಮತ್ತು ಎಣ್ಣೆಯ ದೊಡ್ಡ ಪಾಠ ಲೋಕಕ್ಕೆ ಸಿಕ್ಕಿದ್ದು ಎರಡನೇ ಮಹಾಯುದ್ಧದಲ್ಲಿ. 1941ರ ಚಳಿಗಾಲದಲ್ಲಿ ಮಾಸ್ಕೋದ ಹತ್ತಿರ ಜರ್ಮನ್ ಸೈನ್ಯದ ಲಾರಿ, ಟ್ಯಾಂಕುಗಳ ಎಣ್ಣೆ ಗಟ್ಟಿಯಾಗಿ, ಬೆಳಿಗ್ಗೆ ಗಾಡಿಯ ಅಡಿಯಲ್ಲಿ ಬೆಂಕಿ ಹಾಕಿ ಬಿಸಿ ಮಾಡಬೇಕಾಗಿ ಬಂತು. ಇತ್ತ ಅಮೆರಿಕದಲ್ಲಿ ವಿಲ್ಲಿಸ್ ಮತ್ತು ಫೋರ್ಡ್ ಸೇರಿ ಯುದ್ಧಕ್ಕೆ ಆರು ಲಕ್ಷಕ್ಕೂ ಹೆಚ್ಚು ಜೀಪುಗಳನ್ನು ಮಾಡಿದವು. ಆ ಜೀಪಿನ ಗೇರ್‌ಬಾಕ್ಸಿಗೆ ಮೂರು ಗೇರು. ಎರಡು ಮತ್ತು ಮೂರಕ್ಕೆ ಸಿಂಕ್ರೊ ಉಂಟು, ಒಂದಕ್ಕೆ ಇಲ್ಲ. ಸೈನ್ಯದ ಸೂಚನೆ ಸರಳ: ನೀರು ಹೆಪ್ಪುಗಟ್ಟದ ಹವೆಯಲ್ಲಿ 90, ಹೆಪ್ಪುಗಟ್ಟುವ ಹವೆಯಲ್ಲಿ 80. ಅಂದರೆ ಋತು ನೋಡಿ ಎಣ್ಣೆ.

ಯುದ್ಧ ಮುಗಿದ ಮೇಲೆ ಅದೇ ಜೀಪು ನಮ್ಮ ದೇಶಕ್ಕೆ ಬಂತು. 1940ರ ದಶಕದ ಕೊನೆಗೆ ಮಹೀಂದ್ರ ಕಂಪನಿ ಬೊಂಬಾಯಿಯ ಮಜಗಾಂವ್‌ನಲ್ಲಿ ವಿಲ್ಲಿಸ್ ಜೀಪುಗಳನ್ನು ಜೋಡಿಸಲಿಕ್ಕೆ ಶುರು ಮಾಡಿತು. ಆಮೇಲೆ ಮಲೆನಾಡು, ಕರಾವಳಿಯ ಎಸ್ಟೇಟು, ತೋಟ, ಕಚ್ಚಾ ರಸ್ತೆ ಎಲ್ಲಾ ಕಡೆ ಜೀಪೇ. ನಮ್ಮಲ್ಲಿ ನೀರು ಹೆಪ್ಪುಗಟ್ಟುವ ಚಳಿ ಇಲ್ಲ, ಹಾಗಾಗಿ ಸೂಚನೆಯ ಎರಡನೇ ಅರ್ಧ ನಮಗೆ ಬೇಕಾಗಲಿಲ್ಲ. ಉಳಿದದ್ದು 90. ಗಾಡಿ ಹಳತಾಗಿ ಸೌಂಡ್ ಬಂದರೆ 140. ಅಂಗಡಿಗೆ ಹೋಗಿ ‘ಒಂದು ಲೀಟರ್ ನೈಂಟಿ ಕೊಡಿ’ ಅಂತ ಕೇಳುವುದನ್ನು ನಾನು ಸಣ್ಣದಿರುವಾಗಿಂದ ಕೇಳಿದ್ದೇನೆ. ಋತು ಅನ್ನುವ ಮಾತೇ ಆ ವ್ಯವಹಾರದಲ್ಲಿ ಇರಲಿಲ್ಲ.

ಆದರೆ ನಮ್ಮ ತಾಲೂಕನ್ನು ನೋಡಿ. ಬೆಳ್ತಂಗಡಿಯಲ್ಲಿ ಬೆವರು, ಒಂದೂವರೆ ಗಂಟೆಯಲ್ಲಿ ಕೊಟ್ಟಿಗೆಹಾರದಲ್ಲಿ ಸ್ವೆಟರು. ಒಂದೇ ಗಾಡಿ, ಒಂದೇ ಎಣ್ಣೆ, ಎರಡು ಹವೆ. ಬೆಳ್ತಂಗಡಿಯಿಂದ ಹತ್ತುವಾಗ ಗೇರ್‌ಬಾಕ್ಸ್ ಬಿಸಿಯಾಗಿಯೇ ಮೇಲೆ ತಲುಪುವುದರಿಂದ ತೊಂದರೆ ಗೊತ್ತಾಗುವುದಿಲ್ಲ. ರಾತ್ರಿ ಮೇಲೆ ನಿಲ್ಲಿಸಿ ಬೆಳಿಗ್ಗೆ ಇಳಿಯುವವರಿಗೆ ಮಾತ್ರ ಗೊತ್ತಾಗುವುದು.

ಇನ್ನೊಂದು ಗೊಂದಲವೂ ಯುದ್ಧದಿಂದಲೇ ಬಂದದ್ದು. ಅಮೆರಿಕದ ಸೈನ್ಯ ಗೇರ್ ಆಯಿಲ್ಲಿಗೆ 2105 ಎನ್ನುವ ಮಾನದಂಡ ಮಾಡಿತು, 1962ರಲ್ಲಿ ಅದಕ್ಕಿಂತ ಬಿಗಿಯಾದ 2105ಬಿ ಬಂತು. ಅಮೆರಿಕದ ಪೆಟ್ರೋಲಿಯಂ ಸಂಸ್ಥೆ ಎಪಿಐ ಪಟ್ಟಿಯಲ್ಲಿ ಇವೇ ಹೆಚ್ಚುಕಡಿಮೆ ಜಿಎಲ್-4 ಮತ್ತು ಜಿಎಲ್-5 ಆದವು. ಜಿಎಲ್-5ರಲ್ಲಿ ಗಂಧಕ, ರಂಜಕದ ಮದ್ದು ಜಿಎಲ್-4ಕ್ಕಿಂತ ಸುಮಾರು ಎರಡು ಪಟ್ಟು. ಹೈಪಾಯ್ಡ್ ಆಕ್ಸಲ್ಲಿಗೆ ಅದು ಬೇಕೇ ಬೇಕು. ಐದು ನಾಲ್ಕಕ್ಕಿಂತ ದೊಡ್ಡದು, ಹಾಗಾಗಿ ಐದು ಇನ್ನೂ ಒಳ್ಳೇದು ಅಂತ ಗೇರ್‌ಬಾಕ್ಸಿಗೂ ಅದನ್ನೇ ಸುರಿದರೆ? ಹೆಚ್ಚು ಜಾರುವುದರಿಂದ ರಿಂಗಿನ ಹಿಡಿತ ಕಡಿಮೆ ಆಗಬಹುದು. ಹಳೆಯ ತರಹದ ಗಂಧಕದ ಮದ್ದು ಬಿಸಿಯಲ್ಲಿ ಹಿತ್ತಾಳೆಯನ್ನೇ ತಿನ್ನುತ್ತಿತ್ತು. ಈಗಿನ ಎಣ್ಣೆಗಳಲ್ಲಿ ತಿನ್ನುವ ಕಾಟ ಕಡಿಮೆ, ಆದರೆ ಹಿಡಿತದ ಪ್ರಶ್ನೆ ಹೋಗಿಲ್ಲ.

ಜೀಪಿನಲ್ಲಿ ಗೇರ್‌ಬಾಕ್ಸ್ ಬೇರೆ, ಹಿಂದಿನ ಹೌಸಿಂಗ್ ಬೇರೆ, ಫೋರ್ ವೀಲ್ ಇದ್ದರೆ ಟ್ರಾನ್ಸ್‌ಫರ್ ಕೇಸ್ ಬೇರೆ, ಮುಂದಿನ ಹೌಸಿಂಗ್ ಬೇರೆ. ನಾಲ್ಕಕ್ಕೂ ಒಂದೇ ದೊಡ್ಡ ಕ್ಯಾನಿನಿಂದ ಸುರಿಯುವುದು ಅಭ್ಯಾಸ. ಲೆಕ್ಕಕ್ಕೆ ಸುಲಭ, ಕ್ಯಾನ್ ಬೇಗ ಮುಗೀತದೆ. ನಾನು ಬಿ.ಕಾಂ ಓದಿದವ, ನನಗೂ ಮೊದಲು ಅದೇ ಸರಿ ಅನ್ನಿಸಿತ್ತು.

ಇನ್ನು ನಮ್ಮ ಜೀಪಿನ ಕಥೆಗೆ ಬರುವ. ಘಾಟಿಯಿಂದ ಬಂದ ಮರುದಿನ ನಾನು ಅಪ್ಪನ ಟ್ರಂಕಿನಿಂದ ಗಾಡಿಯ ಹಳೆಯ ಪುಸ್ತಕ ಹುಡುಕಿ ತೆಗೆದೆ. ಗೇರ್‌ಬಾಕ್ಸಿಗೆ ಹೇಳಿದ್ದು 80ಡಬ್ಲ್ಯು-90, ಜಿಎಲ್-4.

‘ಅಪ್ಪ, ಇದರಲ್ಲಿ 140 ಅಂತ ಎಲ್ಲಿಯೂ ಇಲ್ಲ.’

‘ಪುಸ್ತಕ ಘಾಟಿ ಇಳೀತದಾ ಮಗಾ?’ ಅಂದರು ಅಪ್ಪ. ಆದರೂ ಭಾನುವಾರ ಗ್ಯಾರೇಜಿಗೆ ತಂದರು.

ಗ್ಯಾರೇಜಿನ ಅಣ್ಣ ಡ್ರೈನ್ ನಟ್ ಬಿಚ್ಚಿದರು. ಕಪ್ಪು ಬೆಲ್ಲದ ಪಾಕದ ಹಾಗೆ ಎಳೆ ಎಳೆಯಾಗಿ ಬಂತು. ನಟ್ಟಿನ ತುದಿಯಲ್ಲಿ ಲೋಹದ ಪುಡಿ. ಅವರು ಅದನ್ನು ಬೆರಳಲ್ಲಿ ಉಜ್ಜಿ ನೋಡಿ ಏನೂ ಹೇಳಲಿಲ್ಲ. ಪುಸ್ತಕದಲ್ಲಿ ಇದ್ದ ಎಣ್ಣೆಯನ್ನೇ ಹಾಕಿದರು. ಮರುದಿನ ಬೆಳಿಗ್ಗೆ ಗೇರು ಬಿತ್ತು, ಮೊದಲ ಸಲಕ್ಕೇ. ನನಗೆ ಭಾರೀ ಖುಷಿ. ಆದರೆ ಮೂರನೇ ಗೇರಿನಲ್ಲಿ ಗುಯ್ ಅಂತ ಒಂದು ಸೌಂಡ್, ಇಡೀ ದಾರಿ.

ವಾಪಸ್ ಗ್ಯಾರೇಜಿಗೆ ಹೋದೆವು. ಆಗ ಆ ಅಣ್ಣ ನನ್ನನ್ನು ಬದಿಗೆ ಕರೆದು ಹೇಳಿದರು. ‘ಒಳಗೆ ಬೇರಿಂಗ್ ಹೋಗಿದೆ. ಹೋದ ವರ್ಷ ಜೂನಲ್ಲೇ ಹೋಗಿತ್ತು. ಇಳಿಸಿ ಹಾಕಿದರೆ ಹದಿನೈದು ಸಾವಿರದ ಹತ್ತಿರ ಆಗ್ತದೆ ಅಂತ ನಿಮ್ಮ ಅಪ್ಪನ ಹತ್ರ ಹೇಳಿದ್ದೆ. ಈಗ ಆಗುದಿಲ್ಲ, ಫೀಸು ಕಟ್ಟಲಿಕ್ಕುಂಟು, ಸೌಂಡ್ ನಿಲ್ಲುವ ಹಾಗೆ ಎಂತಾದ್ರೂ ಮಾಡಿ ಅಂದ್ರು. ಅದಕ್ಕೆ ದಪ್ಪ ಆಯಿಲ್ ಹಾಕಿದ್ದು.’

ಜೂನ್ ಅಂದರೆ ನನ್ನ ಕೊನೆಯ ವರ್ಷದ ಫೀಸು.

ನಾನು ಅಲ್ಲಿಯವರೆಗೆ ಇದನ್ನು ತಿಳುವಳಿಕೆ ಕಡಿಮೆ ಇದ್ದವರ ಕಥೆ ಅಂತ ತಿಳಿದಿದ್ದೆ. ಅಲ್ಲ. ಇಬ್ಬರಿಗೂ ಗೊತ್ತಿತ್ತು. ಮಂದ ಎಣ್ಣೆ ಸೌಂಡನ್ನು ಮುಚ್ಚುತ್ತದೆ, ಸವೆದ ಬೇರಿಂಗಿನ ಸಂದಿಯನ್ನು ತುಂಬಿ ಸ್ವಲ್ಪ ದಿನ ದೂಡುತ್ತದೆ. ಕೆಳಗಿನ ಲೈನಿಗೆ ಅಷ್ಟು ಸಾಕಾಗಿತ್ತು. ಜನವರಿಯಲ್ಲಿ ಒಂದು ಮದುವೆ ಬಂದು, ರಾತ್ರಿ ಘಟ್ಟದ ಮೇಲೆ ಗಾಡಿ ನಿಲ್ಲಬೇಕಾಗಿ ಬರುತ್ತದೆ ಅಂತ ಜೂನಿನಲ್ಲಿ ಯಾರೂ ಲೆಕ್ಕ ಹಾಕಿರಲಿಲ್ಲ.

ಬೇರಿಂಗ್ ಹಾಕಿಸಿದೆವು. ಹದಿನಾಲ್ಕು ಸಾವಿರದ ಇನ್ನೂರು. ಅಮ್ಮನ ಸಂಘದ ಸಾಲದಿಂದ. ಎಣ್ಣೆಯಲ್ಲಿ ನಾವು ಉಳಿಸಿದ್ದು ಏನೂ ಇಲ್ಲ, ಏಳು ತಿಂಗಳು ಮುಂದೂಡಿದ್ದು ಅಷ್ಟೇ.

ಈಗ ನಿಮಗೆ ಉಪಯೋಗಕ್ಕೆ ಬರುವ ನಾಲ್ಕು ಮಾತು. ಚಳಿಯಲ್ಲಿ ಗೇರು ಟೈಟ್ ಆದರೆ ಮೊದಲು ಎಣ್ಣೆಯೇ ಕಾರಣವಾ ಅಂತ ನೋಡಿ. ಎಂಜಿನ್ ಬಂದ್ ಇರುವಾಗ ಸುಲಭವಾಗಿ ಬಿದ್ದು, ಚಾಲೂ ಇರುವಾಗ ಟೈಟ್ ಆದರೆ ಕ್ಲಚ್ ಪೂರ್ತಿ ಬಿಡ್ತಾ ಇಲ್ಲ ಅನ್ನುವ ಸಂಶಯ ಜಾಸ್ತಿ. ಬಂದ್ ಇದ್ದಾಗಲೂ, ಬಿಸಿಯಾದ ಮೇಲೂ ಟೈಟ್ ಇದ್ದರೆ ಲಿವರಿನ ಕೇಬಲ್, ಜಾಯಿಂಟ್ ನೋಡಿಸಿ. ಬೆಳಿಗ್ಗೆ ಟೈಟ್, ಐದು ಹತ್ತು ಕಿಲೋಮೀಟರ್ ಆದ ಮೇಲೆ ಸರಿ ಅಂದರೆ ಆಗ ಎಣ್ಣೆಯ ಕಡೆ ನೋಡಿ.

ಎಣ್ಣೆ ಆರಿಸುವಾಗ ಗಾಡಿಯ ಪುಸ್ತಕ ತೆಗೆಯಿರಿ. ಹಳೆ ಜೀಪಿಗೆ ಒಂದು, ಈಗಿನ ಸಣ್ಣ ಕಾರಿಗೆ ಇನ್ನೊಂದು. ಈಗಿನ ಎಷ್ಟೋ ಕಾರುಗಳಿಗೆ 75ಡಬ್ಲ್ಯು ಸಾಲಿನ ತೆಳು ಎಣ್ಣೆಯೇ ಬೇಕು, ಅದಕ್ಕೆ ‘ನೈಂಟಿ’ ಹಾಕಿದರೆ ಬೆಳಿಗ್ಗೆ ಹಠ ಮಾಡುವುದು ಸಹಜ. ಪುಸ್ತಕ ಜಿಎಲ್-4 ಅಂದರೆ ಜಿಎಲ್-4. ಪುಸ್ತಕ ಎರಡು ಮೂರು ಗ್ರೇಡಿಗೆ ಅನುಮತಿ ಕೊಟ್ಟಿದ್ದರೆ, ಘಟ್ಟದ ಮೇಲೆ ಇರುವವರು ಡಬ್ಲ್ಯುವಿನ ಹಿಂದಿನ ನಂಬರು ಕಡಿಮೆ ಇರುವುದನ್ನು ಆರಿಸಿ. ಹೌಸಿಂಗಿಗೆ ಅದರದ್ದೇ ಎಣ್ಣೆ. ಇನ್ನೊಂದು, ಮಳೆಗಾಲದಲ್ಲಿ ಹೊಳೆ ದಾಟಿದ ಗಾಡಿಯಾದರೆ ಎಣ್ಣೆ ಹಾಲು ಹಾಕಿದ ಚಾದ ಹಾಗೆ ಆಗಿದೆಯಾ ನೋಡಿ. ಆಗಿದ್ದರೆ ನೀರು ಹೋಗಿದೆ, ಯಾವ ನಂಬರೂ ಅದನ್ನು ಸರಿ ಮಾಡುವುದಿಲ್ಲ.

ಬೈಕಿನವರಿಗೆ ಒಂದು ಮಾತು. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯಿಂದ 1996ರವರೆಗೆ ಬಂದ ಜಾವಾ, ಯೆಜ್ಡಿ ಟೂ ಸ್ಟ್ರೋಕ್. ಎಂಜಿನ್ನಿನ ಎಣ್ಣೆ ಪೆಟ್ರೋಲಿನಲ್ಲಿ, ಗೇರ್‌ಬಾಕ್ಸಿನ ಎಣ್ಣೆ ಬೇರೆ. ಆ ಅಭ್ಯಾಸದಲ್ಲಿ ಬೆಳೆದವರು ಈಗಿನ ಬೈಕಿಗೂ ಗೇರ್ ಆಯಿಲ್ ಕೇಳುವುದುಂಟು. ಈಗಿನ ಫೋರ್ ಸ್ಟ್ರೋಕ್ ಬೈಕುಗಳಲ್ಲಿ ಹೆಚ್ಚಿನವಕ್ಕೆ ಎಂಜಿನ್, ಕ್ಲಚ್, ಗೇರು ಎಲ್ಲದಕ್ಕೂ ಒಂದೇ ಎಂಜಿನ್ ಆಯಿಲ್. ಅದಕ್ಕೆ ಗೇರ್ ಆಯಿಲ್ ಸುರಿಯಬೇಡಿ.

ಮತ್ತು ಘಾಟಿಯಲ್ಲಿ. ಬೆಳಿಗ್ಗೆ ತಣ್ಣಗಿನ ಗಾಡಿ ತೆಗೆದರೆ ಇಳಿಜಾರು ಶುರುವಾಗುವ ಮೊದಲು, ಸಮತಟ್ಟು ಇರುವಾಗಲೇ ಎರಡನೇ ಗೇರಿಗೆ ಹಾಕಿ, ಅದರಲ್ಲೇ ಇಳಿಯಿರಿ. ತಿರುವಿನ ಹತ್ತಿರ ಹೋಗಿ ಹುಡುಕಬೇಡಿ. ಡಬಲ್ ಕ್ಲಚ್ ಒಮ್ಮೆ ಖಾಲಿ ಮೈದಾನದಲ್ಲಿ ಕಲಿತಿಡಿ. 1928ಕ್ಕೇ ಬೇಡವಾದ ವಿದ್ಯೆ ಅಂತ ಪುಸ್ತಕ ಹೇಳಬಹುದು. ನಮ್ಮ ಜೀಪಿನಲ್ಲಿ ಅವತ್ತು ಕೂತಿದ್ದ ಹನ್ನೊಂದು ಜನ ಇವತ್ತು ಇದ್ದೇವೆ ಅಂದರೆ ಅದರಿಂದಲೇ.

ಅಪ್ಪ ಈಗಲೂ ಲೈನಿಗೆ ಹೋಗ್ತಾರೆ. ಎಣ್ಣೆ ಬದಲಿಸುವ ದಿನ ಬಂದರೆ ನನಗೆ ಫೋನ್ ಮಾಡಿ, ‘ಆ ಪುಸ್ತಕದಲ್ಲಿ ಎಂತ ಬರ್ದಿದೆ ಹೇಳು’ ಅಂತಾರೆ. ಅವರಿಗೆ ಬಾಯಿಪಾಠ ಉಂಟು, ನನಗೆ ಗೊತ್ತು. ನಾನೂ ಪ್ರತಿ ಸಲ ಓದಿಯೇ ಹೇಳ್ತೇನೆ.

ಇವತ್ತಿಗೆ ಇಷ್ಟು. ನಿಮ್ಮ ಮನೆಯ ಗಾಡಿಗೆ ಯಾವ ಎಣ್ಣೆ ಹಾಕಿದ್ದಾರೆ, ಯಾಕೆ ಹಾಕಿದ್ದಾರೆ ಅಂತ ಇವತ್ತು ಸಂಜೆ ಒಮ್ಮೆ ಕೇಳಿ ನೋಡಿ. ಮುಂದಿನ ವಾರ ಸಿಗುವ.